ಅಮೆರಿಕದ ದೊಡ್ಡ ಯೂನಿವರ್ಸಿಟಿಗಳಲ್ಲಿ ಸೀಟು: ಹೈಸ್ಕೂಲ್ ಮಕ್ಕಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಪದವಿ ಓದಲು ಹೊರಟ ಮಕ್ಕಳಿಗಾಗಿ ಇದನ್ನು ಬರೆದಿದ್ದೇನೆ. ಅದರಲ್ಲೂ ಅರ್ಜಿ ರಾಶಿ ಬೀಳುವ, ಸೀಟು ಬೆರಳೆಣಿಕೆಯಷ್ಟಿರುವ ಕಾಲೇಜುಗಳ ಬಗ್ಗೆ. ಎಂಎಸ್, ಪಿಎಚ್‌ಡಿ ಪ್ರವೇಶದ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ಆಯಾ ಕಾಲೇಜಿನ ವೆಬ್‌ಸೈಟನ್ನು ಒಮ್ಮೆ ನೋಡಿಕೊಳ್ಳಿ.

ಮಗ ಕ್ಲಾಸಿಗೇ ಫಸ್ಟ್. ಇನ್ನೇನು ಬೇಕು?

ಅದು ಬೇಕೇ ಬೇಕು, ಆದರೆ ಅಷ್ಟೇ ಸಾಲದು. 2024ರಲ್ಲಿ ಸೇರಿದ ಬ್ಯಾಚಿಗೆ ಹಾರ್ವರ್ಡ್‌ಗೆ 54,000ಕ್ಕೂ ಜಾಸ್ತಿ ಅರ್ಜಿ ಬಂದಿದ್ದವು. ಸೀಟು ಸಿಕ್ಕಿದ್ದು 2,000ಕ್ಕಿಂತ ಕಡಿಮೆ ಜನಕ್ಕೆ. ಆ 54,000ದಲ್ಲಿ ತಮ್ಮ ಶಾಲೆಗೆ ಫಸ್ಟ್ ಬಂದವರೇ ಸಾವಿರಾರು ಮಂದಿ ಇರುತ್ತಾರೆ. ಅಲ್ಲಿಗೆ ಮಾರ್ಕ್ಸ್ ನಿಮ್ಮನ್ನು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಬಿಡುವುದು ಮಾರ್ಕ್ಸ್ ಒಂದೇ ಅಲ್ಲ.

ಇಲ್ಲಿ ರ‍್ಯಾಂಕ್ ಪಟ್ಟಿ ಅನ್ನುವುದು ಇಲ್ಲ. ಒಂದು ಪರೀಕ್ಷೆ, ಒಂದು ನಂಬರು, ಮೇಲಿಂದ ಕೆಳಕ್ಕೆ ಎಣಿಸಿ ಸೀಟು ಹಂಚುವುದು ಇಲ್ಲ. ಕೂತು ಫೈಲ್ ಓದುತ್ತಾರೆ. ಓದುವಾಗ ಅವರು ಕೇಳಿಕೊಳ್ಳುವುದು ಹೆಚ್ಚುಕಡಿಮೆ ಇದನ್ನೇ: ಈ ಹುಡುಗಿಗೆ ತನ್ನ ಶಾಲೆಯಲ್ಲಿ, ತನ್ನ ಮನೆಯಲ್ಲಿ ಸಿಕ್ಕಿದ್ದೆಷ್ಟು, ಅದರಲ್ಲಿ ಅವಳು ಮಾಡಿಕೊಂಡಿದ್ದೆಷ್ಟು? ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತವೆ.

ತಯಾರಿ ಯಾವ ಕ್ಲಾಸಿನಿಂದ ಶುರು ಮಾಡಬೇಕು?

ಒಂಬತ್ತನೇ ಕ್ಲಾಸಿನಿಂದ ಮಾರ್ಕ್ಸ್ ಲೆಕ್ಕಕ್ಕೆ ಬರುತ್ತವೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಂದರೆ ಶಾಲೆ ಕಳಿಸುವ ಅಂಕಪಟ್ಟಿಯಲ್ಲಿ, ನಾಲ್ಕೂ ವರ್ಷ ಕಾಣಿಸುತ್ತದೆ. ಒಂಬತ್ತರಲ್ಲಿ ಎಡವಿದ್ದರೆ ಆಕಾಶವೇನೂ ಬೀಳುವುದಿಲ್ಲ, ಆಮೇಲೆ ಏರಿದ್ದು ಕಂಡರೆ ಅದಕ್ಕೂ ಬೆಲೆಯಿದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕ್ಯಾಂಪಸ್‌ಗಳಂತೂ ಜಿಪಿಎ ಲೆಕ್ಕ ಹಾಕುವಾಗ ಒಂಬತ್ತನೇ ಕ್ಲಾಸಿನ ಗ್ರೇಡುಗಳನ್ನು ಸೇರಿಸುವುದೇ ಇಲ್ಲ, ಹತ್ತು ಮತ್ತು ಹನ್ನೊಂದು ಅಷ್ಟೇ.

ಆರನೇ ಕ್ಲಾಸಿನಿಂದಲೇ "ಕಾಲೇಜ್ ಪ್ಲಾನಿಂಗ್" ಅಂತ ಮಗುವಿನ ಹಿಂದೆ ಬೀಳುವವರಿದ್ದಾರೆ. ಬಿಟ್ಟುಬಿಡಿ. ಆ ವಯಸ್ಸಿನಲ್ಲಿ ಬೇಕಾದ ತಯಾರಿ ಎರಡೇ: ಓದುವ ಅಭ್ಯಾಸ ಮತ್ತು ಗಣಿತ ಕೈಬಿಡದಿರುವುದು. ಗಣಿತ ಯಾಕೆ ಅಂದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ವಿಷಯ. ಎಂಜಿನಿಯರಿಂಗ್ ಓದುವವರು ಹನ್ನೆರಡನೇ ಕ್ಲಾಸಿನ ಹೊತ್ತಿಗೆ ಕ್ಯಾಲ್ಕುಲಸ್ ಮುಟ್ಟಿರಬೇಕು ಅಂತ ಕಾಲೇಜುಗಳು ಬಯಸುತ್ತವೆ. ಅದರ ದಾರಿ ಎಂಟು, ಒಂಬತ್ತರಲ್ಲೇ ತೀರ್ಮಾನವಾಗಿರುತ್ತದೆ.

ಸುಲಭದ ಕೋರ್ಸ್ ತಗೊಂಡು ಎ ಗ್ರೇಡ್ ತರುವುದು ಒಳ್ಳೆಯದಾ, ಕಷ್ಟದ್ದು ತಗೊಂಡು ಬಿ ತರುವುದಾ?

"ಕಷ್ಟದ್ದು ತಗೊಂಡು ಎ ತನ್ನಿ" ಅನ್ನುವುದು ಈ ಪ್ರಶ್ನೆಗೆ ಸಿಗುವ ಹಳೇ ಜೋಕು. ತಮಾಷೆ ಪಕ್ಕಕ್ಕಿಟ್ಟರೆ, ಕಷ್ಟದ ಕೋರ್ಸಿನ ಕಡೆಗೇ ತೂಕ ಜಾಸ್ತಿ. ಆದರೆ ಎಲ್ಲದರಲ್ಲೂ ಬಿ ಬರುತ್ತಿದ್ದರೆ ತಲೆ ಮೇಲೆ ಹೊರೆ ಜಾಸ್ತಿಯಾಗಿದೆ ಅಂತ ಅರ್ಥ.

ತುಂಬಾ ಪೋಷಕರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಕಾಮನ್ ಆ್ಯಪ್ ಅಂದರೆ ಒಂದೇ ಫಾರಂ ತುಂಬಿ ಹಲವು ಕಾಲೇಜುಗಳಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ. ಕಾಮನ್ ಆ್ಯಪ್ ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್, ಅಂದರೆ ಮಕ್ಕಳಿಗೆ ಸಲಹೆ ಕೊಡುವವರು, ಒಂದು ವರದಿ ಕಳಿಸುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಶಾಲೆಯ ಬೇರೆ ಮಕ್ಕಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ಕೋರ್ಸುಗಳು ಎಷ್ಟು ಕಷ್ಟದವು? ಉತ್ತರವಾಗಿ ಒಂದು ಮೆಟ್ಟಿಲುಸಾಲು ಇರುತ್ತದೆ, ತುದಿಯಲ್ಲಿ "ಅತ್ಯಂತ ಕಷ್ಟದವು" ಅನ್ನುವ ಚೌಕ. ಕೌನ್ಸೆಲರ್ ಅಲ್ಲಿ ಟಿಕ್ ಹಾಕುತ್ತಾರಾ, ಒಂದು ಮೆಟ್ಟಿಲು ಕೆಳಗಾ ಅನ್ನುವುದು ಮುಖ್ಯ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಶಾಲೆಯಲ್ಲಿ ಇರುವುದೇ ಐದು ಎಪಿ ಕೋರ್ಸ್, ಅದರಲ್ಲಿ ನಾಲ್ಕು ಮುಗಿಸಿದವನಿಗೆ ಆ ಟಿಕ್ ಸಿಗುತ್ತದೆ. ಇಪ್ಪತ್ತೈದು ಎಪಿ ಇರುವ ಶಾಲೆಯಲ್ಲಿ ನಾಲ್ಕು ತಗೊಂಡವನಿಗೆ ಸಿಗುವುದು ಕಷ್ಟ. ಪಕ್ಕದ ಮನೆ ಹುಡುಗ ಹನ್ನೆರಡು ಎಪಿ ಮಾಡಿದ ಅನ್ನುವ ಮಾತಿಗೆ, ಅವನು ಬೇರೆ ಶಾಲೆಯವನಾದರೆ, ಅರ್ಥವೇ ಇಲ್ಲ. ಶಾಲೆಯಲ್ಲಿ ಯಾವ್ಯಾವ ಕೋರ್ಸ್ ಇವೆ ಅನ್ನುವ ಪತ್ರವನ್ನೂ ಶಾಲೆಯವರೇ ಜೊತೆಗೆ ಕಳಿಸಿರುತ್ತಾರೆ, ಓದುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.

ಎಪಿಯೇ ಇಲ್ಲದ ಶಾಲೆ, ಬೇರೆ ದೇಶದ ಬೋರ್ಡು, ಐಬಿ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮ, ಯಾವುದಾದರೂ ಪರವಾಗಿಲ್ಲ. ಅಳತೆಗೋಲು ನಿಮ್ಮ ಶಾಲೆಯದೇ.

ಎಸ್‌ಎಟಿ ಬರೆಯಲೇಬೇಕಾ? ಈಗ ಬೇಡ ಅಂತಾರಲ್ಲ?

ಎಸ್‌ಎಟಿ ಅಂದರೆ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ, ಎಸಿಟಿಯೂ ಅಂಥದ್ದೇ. ಬೇಡ ಅನ್ನುವುದು ಕೋವಿಡ್ ಕಾಲದ ಮಾತು. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಯೇಲ್‌ನಲ್ಲಿ ಎಸ್‌ಎಟಿ, ಎಸಿಟಿ, ಎಪಿ, ಐಬಿ ಇವುಗಳಲ್ಲಿ ಯಾವುದಾದರೂ ಒಂದರ ಸ್ಕೋರ್ ಕೊಡಬೇಕು. ಕೊಲಂಬಿಯಾ ಮಾತ್ರ ಪರೀಕ್ಷೆ ಐಚ್ಛಿಕ ಅಂತ 2023ರಲ್ಲಿ ಕಾಯಂ ಮಾಡಿತು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ, ಯುಸಿಎಲ್‌ಎ ಮುಂತಾದ ಕ್ಯಾಂಪಸ್‌ಗಳು ಇನ್ನೊಂದು ತುದಿ: ಪ್ರವೇಶ ಕೊಡುವಾಗ ಅವು ಸ್ಕೋರನ್ನು ನೋಡುವುದೇ ಇಲ್ಲ.

ಹಾಗಾಗಿ ನನ್ನ ಸಲಹೆ ಸರಳ: ಬರೆಯಿರಿ. ಹನ್ನೊಂದನೇ ಕ್ಲಾಸಿನಲ್ಲಿ ಒಂದು ಸಲ, ಬೇಕಾದರೆ ಹನ್ನೆರಡರ ಶುರುವಿಗೆ ಇನ್ನೊಂದು ಸಲ. ಈಗ ಎಸ್‌ಎಟಿ ಕಂಪ್ಯೂಟರಿನಲ್ಲಿ, 2 ಗಂಟೆ 14 ನಿಮಿಷ, 1600ಕ್ಕೆ. ಪ್ರತಿ ವಿಷಯದ ಮೊದಲ ಭಾಗದಲ್ಲಿ ಹೇಗೆ ಮಾಡುತ್ತೀರೋ ಅದರ ಮೇಲೆ ಎರಡನೇ ಭಾಗದ ಪ್ರಶ್ನೆಗಳ ಕಷ್ಟ ನಿಂತಿರುತ್ತದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಅಭ್ಯಾಸ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ದುಬಾರಿ ಕೋಚಿಂಗ್‌ಗೆ ದುಡ್ಡು ಸುರಿಯುವ ಮುಂಚೆ ಅದನ್ನು ಮುಗಿಸಿ ನೋಡಿ. 1540 ಬಂದವರು 1570ಕ್ಕೋಸ್ಕರ ಮತ್ತೆ ಮೂರು ತಿಂಗಳು ಕೂರುವುದು ಸುಮ್ನೆ ಹೊತ್ತು ಹಾಳು. ಆ ಮೂರು ತಿಂಗಳಿಗೆ ಬೇರೆ ಕೆಲಸ ಇದೆ.

ಎಷ್ಟು ಚಟುವಟಿಕೆ ಇರಬೇಕು? ಚೆಸ್, ಪಿಯಾನೊ, ಡಿಬೇಟ್, ಸಮಾಜ ಸೇವೆ ಎಲ್ಲಾ ಸೇರಿಸಿದ್ದೇವೆ.

ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ ಇದೆ. ಹತ್ತನ್ನೂ ತುಂಬಲೇಬೇಕು ಅಂತ ಯಾರೂ ಹೇಳಿಲ್ಲ. ಮೇಲಿನ ಎರಡು ಮೂರು ಗಟ್ಟಿ ಇದ್ದರೆ ಕೆಳಗಿನವು ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ.

ಗಟ್ಟಿ ಅಂದರೆ ಏನು? ಮೂರು ನಾಲ್ಕು ವರ್ಷ ಹಿಡಿದ ಕೆಲಸ. ಹೋಗ್ತಾ ಹೋಗ್ತಾ ಅದರಲ್ಲಿ ಜವಾಬ್ದಾರಿ ಜಾಸ್ತಿಯಾಗಿರಬೇಕು. ನೀವು ಇಲ್ಲದಿದ್ದರೆ ಆ ಜಾಗದಲ್ಲಿ ಏನೋ ಒಂದು ನಿಂತುಹೋಗುತ್ತಿತ್ತು ಅಂತ ಅನ್ನಿಸಬೇಕು. ಪದವಿ, ಹುದ್ದೆ ಬೇಕೆಂದೇನಿಲ್ಲ. ಅಧ್ಯಕ್ಷ, ಸ್ಥಾಪಕ ಅಂತ ಹಾಕಿಕೊಳ್ಳಲು ಹನ್ನೊಂದನೇ ಕ್ಲಾಸಿನ ಕೊನೆಯಲ್ಲಿ ಹುಟ್ಟಿದ ಸಂಘಗಳ ವಾಸನೆ ಓದುವವರಿಗೆ ಬೇಗ ಬಡಿಯುತ್ತದೆ.

ಪ್ರತಿ ಚಟುವಟಿಕೆಯ ವಿವರಣೆಗೆ ಸಿಗುವುದು 150 ಅಕ್ಷರ. ಪದ ಅಲ್ಲ, ಅಕ್ಷರ, ಖಾಲಿ ಜಾಗವೂ ಸೇರಿ. ಒಬ್ಬ ಹುಡುಗ ಶಾಲೆಯ ಸೈಕಲ್ ಕ್ಲಬ್ಬಿನಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಮೊದಲ ಸಲ ಬರೆದಾಗ ಹೀಗೆ ಬರುತ್ತದೆ:

"ಸೈಕಲ್ ಕ್ಲಬ್ಬಿನಲ್ಲಿ ಸಕ್ರಿಯವಾಗಿ ಭಾಗವಹಿಸಿ ನಾಯಕತ್ವ ಗುಣ, ತಂಡದಲ್ಲಿ ದುಡಿಯುವ ಮನೋಭಾವ ಬೆಳೆಸಿಕೊಂಡೆ."

ಇದರಲ್ಲಿ ಹುಡುಗನೂ ಇಲ್ಲ, ಸೈಕಲ್ಲೂ ಇಲ್ಲ. ಈಗ ಇದನ್ನು ನೋಡಿ:

"ಎಸೆದ 40 ಸೈಕಲ್ ರಿಪೇರಿ ಮಾಡಿ ಶಾಲೆಗೆ ನಡೆದು ಬರುವವರಿಗೆ ಕೊಟ್ಟೆ, ಬ್ರೇಕ್, ಗೇರ್ ಕೆಲಸ 6 ಕಿರಿಯರಿಗೆ ಕಲಿಸಿದೆ."

ಎರಡನೆಯದು ಓದಿದವರಿಗೆ ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗ ಕಾಣುತ್ತಾನೆ. ಕ್ರಿಯಾಪದ, ಅಂಕಿ, ಯಾರಿಗೆ ಏನಾಯಿತು, ಇಷ್ಟು ಸಾಕು. ಅಂಕಿ ಮಾತ್ರ ನಿಜವಾಗಿರಬೇಕು. ವಾರಕ್ಕೆ ಎಷ್ಟು ಗಂಟೆ ಅಂತಲೂ ಕೇಳುತ್ತಾರೆ. ಎಲ್ಲ ಕೂಡಿಸಿದರೆ ವಾರಕ್ಕೆ 60 ಗಂಟೆ ಆಗುವ ಫಾರಂಗಳೂ ಬರುತ್ತವೆ. ಹಾಗಾದರೆ ನಿದ್ದೆ ಯಾವಾಗ, ಹೋಮ್‌ವರ್ಕ್ ಯಾವಾಗ ಅಂತ ಓದುವವರಿಗೂ ಅನ್ನಿಸುತ್ತೆ ಅಲ್ವಾ?

ಮನೆಗೋಸ್ಕರ ಮಾಡುವ ಕೆಲಸವನ್ನು ತುಂಬಾ ಮಕ್ಕಳು ಬರೆಯುವುದೇ ಇಲ್ಲ. ಸಂಜೆ ಅಂಗಡಿಯಲ್ಲಿ ಸಂಬಳದ ಕೆಲಸ, ತಮ್ಮನನ್ನು ನೋಡಿಕೊಳ್ಳುವುದು, ಅಜ್ಜಿಯ ಔಷಧಿ, ಡಾಕ್ಟರ್ ಭೇಟಿ, ಇವೆಲ್ಲ ಚಟುವಟಿಕೆಗಳೇ. ಕುಟುಂಬದ ಜವಾಬ್ದಾರಿ ಅಂತ ಫಾರಂನಲ್ಲೇ ಒಂದು ಬಗೆ ಇದೆ. ಬರೆಯಿರಿ. ಡಿಬೇಟ್ ಟೀಮಿಗೆ ಸೇರಲು ಹೊತ್ತಿರಲಿಲ್ಲ ಯಾಕೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಹೆಸರಾಂತ ಯೂನಿವರ್ಸಿಟಿಯ ಕ್ಯಾಂಪಿಗೆ ಕಳಿಸಿದರೆ ಅಲ್ಲೇ ಸೀಟು ಸುಲಭ ಆಗುತ್ತಾ?

ಇಲ್ಲ. ದುಡ್ಡು ಕಟ್ಟಿದವರಿಗೆಲ್ಲ ಜಾಗ ಸಿಗುವ ಕ್ಯಾಂಪು ಫೈಲಿನಲ್ಲಿ ಹೇಳುವುದು ಒಂದೇ ಮಾತು: ಮನೆಯವರ ಹತ್ತಿರ ದುಡ್ಡಿದೆ. ಮಗುವಿಗೆ ಖುಷಿ ಸಿಗುತ್ತೆ, ಕಲಿಯುತ್ತೆ ಅಂದರೆ ಕಳಿಸಿ, ಸೀಟಿನ ಆಸೆಗೆ ಬೇಡ. ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್, ಅಂದರೆ ಆರ್‌ಎಸ್‌ಐ ಥರದ ಕೆಲವಕ್ಕೆ ಬೇರೆಯೇ ತೂಕ ಇದೆ. ಅಲ್ಲಿ ಆಯ್ಕೆ ಬಿಗಿ, ಕಲಿಕೆಗೆ ಶುಲ್ಕವೂ ಇಲ್ಲ. ಪುಕ್ಕಟೆ ಮತ್ತು ಕಷ್ಟ, ಇವೆರಡೂ ಒಟ್ಟಿಗೆ ಇದ್ದರೆ ಅದು ಒಳ್ಳೆಯ ಗುರುತು.

ದುಡ್ಡು ಕೊಟ್ಟರೆ ಹೈಸ್ಕೂಲ್ ಮಕ್ಕಳ ಹೆಸರಿನಲ್ಲಿ ಸಂಶೋಧನಾ ಪ್ರಬಂಧ ಅಚ್ಚು ಮಾಡಿಸುವ ದಂಧೆಯೂ ಇದೆ. ಅದರಿಂದ ದೂರ ಇರಿ.

ಪ್ರಬಂಧದಲ್ಲಿ ಏನು ಬರೆಯಬೇಕು? ಬದುಕಿನಲ್ಲಿ ದೊಡ್ಡದೇನೂ ನಡೆದೇ ಇಲ್ಲ.

ಹದಿನೇಳು ವರ್ಷಕ್ಕೆ ದೊಡ್ಡದೇನೂ ನಡೆಯದಿದ್ದರೆ ಒಳ್ಳೆಯದೇ ಆಯಿತು. ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧ 250ರಿಂದ 650 ಪದ. ಅಷ್ಟರಲ್ಲಿ ಜೀವನ ಚರಿತ್ರೆ ಹಿಡಿಸುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಉಳಿದ ಫೈಲು ಇಡೀ ಬೇರೆಯವರ ಮಾತು: ಗ್ರೇಡು, ಸ್ಕೋರು, ಟೀಚರ್ ಪತ್ರ. ವಿದ್ಯಾರ್ಥಿ ಹೇಗೆ ಯೋಚಿಸುತ್ತಾನೆ ಅನ್ನುವುದು ಅವನ ದನಿಯಲ್ಲೇ ಕೇಳುವ ಜಾಗ ಇದೊಂದೇ.

"ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣ" ಅಂತ ಶುರುವಾದರೆ ಓದುವವರು ಆಕಳಿಸುತ್ತಾರೆ. ಬದಲಿಗೆ ಒಬ್ಬ ಹುಡುಗಿ ವಾರದ ಕೊನೆಯಲ್ಲಿ ಎಂಟು ವರ್ಷದ ಮಕ್ಕಳ ಸಾಕರ್ ಪಂದ್ಯಕ್ಕೆ ರೆಫರಿ ಆಗುತ್ತಾಳೆ ಅಂತ ಅಂದುಕೊಳ್ಳಿ. ಆಫ್‌ಸೈಡ್ ಅಂತ ಸೀಟಿ ಊದಿದಳು. ಊದಿದ ಮರುಗಳಿಗೆಗೇ ತಪ್ಪಾಯಿತು ಅಂತ ಗೊತ್ತಾಯಿತು. ಒಂದು ಕಡೆ ಕಣ್ಣಲ್ಲಿ ನೀರು ತುಂಬಿಕೊಂಡ ಹುಡುಗ, ಇನ್ನೊಂದು ಕಡೆ ಗೆರೆ ದಾಟಿ ಕೂಗುತ್ತಿರುವ ಅವನಪ್ಪ. ಆ ಅರ್ಧ ನಿಮಿಷದಲ್ಲಿ ಅವಳ ತಲೆಯಲ್ಲಿ ಏನು ಓಡಿತು, ಕೊನೆಗೆ ಏನು ಮಾಡಿದಳು, ಮುಂದಿನ ವಾರ ನಿಯಮ ಪುಸ್ತಕದ ಯಾವ ಪುಟ ತೆರೆದಳು. ಇಷ್ಟು ಬರೆದರೆ ನ್ಯಾಯ, ಜವಾಬ್ದಾರಿ ಅನ್ನುವ ದೊಡ್ಡ ಪದಗಳನ್ನು ಬಳಸುವ ಅಗತ್ಯವೇ ಬರುವುದಿಲ್ಲ.

ಕಷ್ಟ ತೋಡಿಕೊಳ್ಳಲೇಬೇಕಾ ಅಂತ ಕೇಳುತ್ತಾರೆ. ಬೇಡ. ಹೇಳಲೇಬೇಕಾದ ಕಷ್ಟ ಇದ್ದರೆ, ಉದಾಹರಣೆಗೆ ಕಾಯಿಲೆಯಿಂದ ಒಂದು ವರ್ಷದ ಮಾರ್ಕ್ಸ್ ಕುಸಿದಿದ್ದರೆ, ಅದಕ್ಕೆ ಫಾರಂನಲ್ಲಿ ಬೇರೆ ಜಾಗ ಇದೆ. ಅಲ್ಲಿ ನಾಲ್ಕು ಸಾಲಲ್ಲಿ ನೇರವಾಗಿ ಹೇಳಿ, ಮುಖ್ಯ ಪ್ರಬಂಧವನ್ನು ಉಳಿಸಿಕೊಳ್ಳಿ.

"ನಮ್ಮ ಕಾಲೇಜೇ ಯಾಕೆ?" ಅನ್ನುವ ಸಣ್ಣ ಪ್ರಬಂಧವನ್ನು ಎಷ್ಟೋ ಮಕ್ಕಳು ಕೊನೆ ಗಳಿಗೆಯಲ್ಲಿ ಗೀಚುತ್ತಾರೆ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ: ಕಾಲೇಜಿನ ಹೆಸರು ಅಳಿಸಿ ಬೇರೆ ಹೆಸರು ಹಾಕಿ. ಆಗಲೂ ಪ್ರಬಂಧ ಸರಿಹೋಗುತ್ತಾ? ಹಾಗಾದರೆ ಅದನ್ನು ಹರಿದು ಹಾಕಿ. ಯಾವ ಕೋರ್ಸ್, ಯಾವ ಲ್ಯಾಬ್, ಯಾವ ಪದ್ಧತಿ ನಿಮ್ಮನ್ನು ಸೆಳೆಯಿತು, ನೀವು ಈಗಾಗಲೇ ಮಾಡಿರುವ ಯಾವ ಕೆಲಸ ಅಲ್ಲಿ ಮುಂದುವರಿಯುತ್ತದೆ, ಇದು ಬೇಕು.

ಚಾಟ್‌ಜಿಪಿಟಿ ಕೈಲಿ ಬರೆಸಬಹುದಾ? ಅಪ್ಪ ಅಮ್ಮ ತಿದ್ದಬಹುದಾ?

ಬರೆಸಬೇಡಿ. ಎಐ ಬರೆದ ಸರಕನ್ನು ತನ್ನದು ಅಂತ ಕೊಡುವುದನ್ನು ಕಾಮನ್ ಆ್ಯಪ್ ವಂಚನೆಯ ಪಟ್ಟಿಗೇ ಸೇರಿಸಿದೆ. ಕಾಗುಣಿತ ನೋಡಿಕೊಳ್ಳುವುದರ ಬಗ್ಗೆ ಕಾಲೇಜುಗಳ ನಿಲುವು ಬೇರೆ ಬೇರೆ, ಓದಿಕೊಳ್ಳಿ. ಅಪ್ಪ ಅಮ್ಮ ಓದಿ "ಇಲ್ಲಿ ಅರ್ಥ ಆಗಲಿಲ್ಲ", "ಇದು ನೀನಲ್ಲ" ಅಂತ ಹೇಳಬಹುದು. ಪೆನ್ನು ಮಾತ್ರ ಕೈಗೆ ತಗೋಬೇಡಿ. ನಲವತ್ತೈದು ವರ್ಷದವರ ಇಂಗ್ಲಿಷು ಹದಿನೇಳರ ಪ್ರಬಂಧದಲ್ಲಿ ಎದ್ದು ಕಾಣುತ್ತದೆ.

ಶಿಫಾರಸು ಪತ್ರ ಯಾರ ಹತ್ತಿರ ಕೇಳಬೇಕು? ನಮ್ಮ ಪರಿಚಯದ ಒಬ್ಬ ದೊಡ್ಡ ಅಧಿಕಾರಿ ಬರೆದು ಕೊಡುತ್ತಾರಂತೆ.

ಆ ಅಧಿಕಾರಿಗೆ ನಿಮ್ಮ ಮಗಳ ಹತ್ತಿರ ಒಂದು ಗಂಟೆ ಮಾತಾಡಿ ಗೊತ್ತಿದೆಯಾ? ಇಲ್ಲದಿದ್ದರೆ ಆ ಪತ್ರ ಬರೀ ರದ್ದಿ ಕಾಗದ. ಈ ಮಟ್ಟದ ಹೆಚ್ಚಿನ ಕಾಲೇಜುಗಳು ಕೇಳುವುದು ಕೌನ್ಸೆಲರ್ ಒಬ್ಬರು, ಪಾಠ ಮಾಡಿದ ಟೀಚರ್ ಇಬ್ಬರು. ಹನ್ನೊಂದನೇ ಕ್ಲಾಸಿನ ಟೀಚರ್ ಆದರೆ ಒಳ್ಳೆಯದು, ನೆನಪು ಹಸಿಯಾಗಿರುತ್ತದೆ. ಹೆಚ್ಚು ಮಾರ್ಕ್ಸ್ ಕೊಟ್ಟ ಟೀಚರನ್ನೇ ಹುಡುಕಬೇಡಿ. ಶುರುವಿನಲ್ಲಿ ತಿಣುಕಾಡಿ, ಪಾಠ ಮುಗಿದ ಮೇಲೂ ಹೋಗಿ ಹೋಗಿ ಪ್ರಶ್ನೆ ಕೇಳಿದ್ದು ಯಾರ ಹತ್ತಿರವೋ ಅವರೇ ಸರಿ. ಹೇಳಲು ಕತೆ ಇರುವುದು ಅವರ ಬಳಿ.

ಹನ್ನೊಂದು ಮುಗಿಯುವ ಮುಂಚೆಯೇ ಕೇಳಿಬಿಡಿ. ಅಕ್ಟೋಬರ್ ಹೊತ್ತಿಗೆ ಅವರ ಮೇಜಿನ ಮೇಲೆ ಹತ್ತಾರು ಪತ್ರಗಳ ಕೆಲಸ ಕೂತಿರುತ್ತದೆ. ಪತ್ರವನ್ನು ಮುಂದೆ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಫಾರಂನಲ್ಲಿ ಕೇಳುತ್ತಾರೆ. ಹೌದು ಅನ್ನಿ. ನೋಡುವ ಹಕ್ಕು ಇಟ್ಟುಕೊಂಡರೆ ಟೀಚರ್ ಮುಲಾಜಿಗೆ ಬರೆದಿದ್ದಾರೆ ಅನ್ನುವ ಅನುಮಾನಕ್ಕೆ ಎಡೆ ಆಗುತ್ತದೆ.

ಯಾವ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆ ಅಂತ ತಿಳಿಯೋದು ಹೇಗೆ?

ಗಾಳಿಮಾತು ಕೇಳುವ ಬದಲು ಕಾಮನ್ ಡೇಟಾ ಸೆಟ್ ಓದಿ. ಬಹುಪಾಲು ಕಾಲೇಜುಗಳು ವರ್ಷವರ್ಷವೂ ಹೊರಡಿಸುವ ಕಡತ ಇದು. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ. ಉದ್ದದ, ನೀರಸ ಕಡತ. ಅದರಲ್ಲಿ ನೇರವಾಗಿ ಸಿ7 ಅನ್ನುವ ಭಾಗಕ್ಕೆ ಹೋಗಿ. ಕೋರ್ಸಿನ ಕಷ್ಟ, ಗ್ರೇಡು, ಸ್ಕೋರು, ಪ್ರಬಂಧ, ಶಿಫಾರಸು, ಸಂದರ್ಶನ, ಗುಣನಡತೆ, ಸಂಬಳದ ಕೆಲಸ, ಹಳೆ ವಿದ್ಯಾರ್ಥಿಗಳ ನಂಟು, ಹೀಗೆ ಒಂದೊಂದರ ಮುಂದೆಯೂ ನಾಲ್ಕು ಚೌಕ: ತುಂಬಾ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಕಾಲೇಜೇ ತನ್ನ ಕೈಯಾರೆ ಟಿಕ್ ಹಾಕಿರುತ್ತದೆ.

ಅದರಲ್ಲಿ "ಅಭ್ಯರ್ಥಿ ತೋರಿಸಿದ ಆಸಕ್ತಿ" ಅನ್ನುವ ಸಾಲು ಮರೆಯಬೇಡಿ. ಕೆಲವು ಕಾಲೇಜುಗಳು ನೀವು ಅವರ ಆನ್‌ಲೈನ್ ಸಭೆಗೆ ಬಂದಿರಾ, ಕ್ಯಾಂಪಸ್ ನೋಡಿದಿರಾ ಅಂತ ಲೆಕ್ಕ ಇಡುತ್ತವೆ. ಇನ್ನು ಕೆಲವಕ್ಕೆ ಅದು ಬೇಕಾಗಿಲ್ಲ, ಅಲ್ಲಿಗೆ ವಾರಕ್ಕೊಂದು ಇಮೇಲ್ ಕಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸ್ಕೋರಿನ ವ್ಯಾಪ್ತಿ ಸಿ9ರಲ್ಲಿದೆ. ವೇಟ್‌ಲಿಸ್ಟ್‌ನಿಂದ ಹೋದ ವರ್ಷ ಎಷ್ಟು ಜನರನ್ನು ತಗೊಂಡರು ಅನ್ನುವುದು ಸಿ2ರಲ್ಲಿದೆ.

ಅರ್ಲಿ ಡಿಸಿಷನ್, ಅರ್ಲಿ ಆ್ಯಕ್ಷನ್ ಅಂದರೆ ಏನು? ಬೇಗ ಹಾಕಿದರೆ ಲಾಭ ಇದೆಯಾ?

ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ. ಒಂದೇ ಕಾಲೇಜಿಗೆ, ಸಾಮಾನ್ಯವಾಗಿ ನವೆಂಬರ್ 1ರೊಳಗೆ. ಸಿಕ್ಕರೆ ಸೇರಲೇಬೇಕು. ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಅರ್ಲಿ ಆ್ಯಕ್ಷನ್‌ನಲ್ಲಿ ಉತ್ತರ ಬೇಗ ಬರುತ್ತೆ, ಸೇರುವ ಕಟ್ಟುಪಾಡು ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದ್ದು ನಡುವಿನ ದಾರಿ: ಕಟ್ಟುಪಾಡು ಇಲ್ಲ, ಆದರೆ ಬೇರೆ ಖಾಸಗಿ ಕಾಲೇಜುಗಳಿಗೆ ಅರ್ಲಿ ಹಾಕುವ ಹಾಗಿಲ್ಲ.

ಅರ್ಲಿಯಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ ಕಾಣುತ್ತದೆ, ನಿಜ. ಅದರಲ್ಲಿ ಮೊದಲೇ ಗೊತ್ತುಮಾಡಿಕೊಂಡ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು ಸೇರಿರುತ್ತಾರೆ ಅನ್ನುವುದನ್ನು ಕಳೆದು ನೋಡಿ. ಆದರೂ ಸ್ವಲ್ಪ ಅನುಕೂಲ ಉಳಿಯುತ್ತದೆ ಅಂತಲೇ ನನ್ನ ಅನಿಸಿಕೆ, ಯಾಕೆಂದರೆ ಖಂಡಿತ ಬರುವ ವಿದ್ಯಾರ್ಥಿ ಕಾಲೇಜಿಗೂ ಬೇಕು. ಹಣಕಾಸಿನ ನೆರವನ್ನು ನಾಲ್ಕು ಕಡೆ ಹೋಲಿಸಿ ನೋಡಬೇಕಾದ ಮನೆಯವರು ಮಾತ್ರ ಅರ್ಲಿ ಡಿಸಿಷನ್‌ಗೆ ಕೈಹಾಕುವ ಮುಂಚೆ ಎರಡು ಸಲ ಯೋಚಿಸಿ. ಕೊಟ್ಟ ನೆರವು ಸಾಲದೇ ಹೋದರೆ ಮಾತಿನಿಂದ ಬಿಡಿಸಿಕೊಳ್ಳಬಹುದು, ಆದರೆ ಆ ಹೊತ್ತಿಗೆ ಡಿಸೆಂಬರ್ ಮಧ್ಯ ಆಗಿರುತ್ತದೆ, ಬೇರೆ ಕಡೆ ಅರ್ಜಿ ಹಾಕಲು ಹೊತ್ತು ಕಡಿಮೆ.

ನೆರವು ಕೇಳಿದರೆ ಸೀಟು ತಪ್ಪುತ್ತಾ?

ಅದು ಕಾಲೇಜಿನ ಮೇಲೆ, ವಿದ್ಯಾರ್ಥಿಯ ಪೌರತ್ವದ ಮೇಲೆ ನಿಂತಿದೆ. ನೀಡ್ ಬ್ಲೈಂಡ್ ಅಂದರೆ ಆಯ್ಕೆ ಮಾಡುವಾಗ ದುಡ್ಡಿನ ವಿಷಯ ನೋಡುವುದಿಲ್ಲ ಅಂತ. ಹಲವು ಶ್ರೀಮಂತ ಕಾಲೇಜುಗಳು ಅಮೆರಿಕದ ಪ್ರಜೆಗಳಿಗೆ ಹೀಗೆ ನಡೆದುಕೊಳ್ಳುತ್ತವೆ. ಹೊರದೇಶದವರಿಗೂ ಹಾಗೆಯೇ ನಡೆದುಕೊಂಡು, ಅಗತ್ಯದಷ್ಟೂ ಕೊಡುವ ಕಾಲೇಜುಗಳು ಕಡಿಮೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಆ ಸಾಲಿನಲ್ಲಿವೆ. ಸ್ಟ್ಯಾನ್‌ಫರ್ಡ್‌ನಲ್ಲಿ ಹೊರದೇಶದವರು ನೆರವು ಕೇಳಿದರೆ ಅದನ್ನು ಗಮನಕ್ಕೆ ತಗೊಳ್ಳುತ್ತಾರೆ. ಐವಿ ಲೀಗ್‌ನ (ಹಾರ್ವರ್ಡ್, ಯೇಲ್ ಇರುವ ಗುಂಪು) ಎಂಟೂ ಕಾಲೇಜುಗಳು ಬುದ್ಧಿವಂತಿಕೆಗೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿಯೇ ಕೊಡುವುದು.

ಹಲವು ಖಾಸಗಿ ಕಾಲೇಜುಗಳಲ್ಲಿ ಒಂದು ವರ್ಷದ ಒಟ್ಟು ಖರ್ಚು 90,000 ಡಾಲರ್ ದಾಟಿದೆ. ಆ ಅಂಕಿ ನೋಡಿ ಬೆಚ್ಚಿಬಿದ್ದು ಪಟ್ಟಿಯಿಂದ ತೆಗೆದುಬಿಡಬೇಡಿ. ಅಮೆರಿಕದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಟ್ಟಿರುತ್ತವೆ. ಆದಾಯ, ಆಸ್ತಿ ಹಾಕಿದರೆ ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅನ್ನುವ ಅಂದಾಜು ಸಿಗುತ್ತದೆ. ಅರ್ಧ ಗಂಟೆ ಕೆಲಸ. ಪಟ್ಟಿ ಮಾಡುವ ಮುಂಚೆ ಅಪ್ಪ ಅಮ್ಮ ಕೂತು ಮಾಡಬೇಕಾದದ್ದು ಇದು, ಮಾರ್ಚ್‌ನಲ್ಲಿ ಪತ್ರ ಬಂದ ಮೇಲೆ ಅಲ್ಲ. ಆದಾಯ ಕಡಿಮೆ ಇರುವ, ಅಮೆರಿಕದಲ್ಲೇ ಓದುತ್ತಿರುವ ಮಕ್ಕಳು ಕ್ವೆಸ್ಟ್‌ಬ್ರಿಜ್ ಅನ್ನುವ ಸಂಸ್ಥೆಯ ಯೋಜನೆಯನ್ನೂ ನೋಡಿ. ಅದರ ಅರ್ಜಿ ಸೆಪ್ಟೆಂಬರ್‌ಗೇ ಮುಗಿಯುತ್ತದೆ.

ಭಾರತೀಯ ಮೂಲದ ಮಕ್ಕಳಿಗೆ ಸೀಟು ಕಷ್ಟ ಅಂತಾರೆ. ಅರ್ಜಿಯಲ್ಲಿ ಮೂಲ ಮುಚ್ಚಿಡಬೇಕಾ?

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿ ಮೇಲಿನ ಮೊಕದ್ದಮೆಗಳಲ್ಲಿ, ಪ್ರವೇಶದಲ್ಲಿ ಜನಾಂಗಕ್ಕೆ ತೂಕ ಕೊಡುವುದನ್ನು ನಿಲ್ಲಿಸಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ಪ್ರಬಂಧದಲ್ಲಿ ಬರೆಯುವುದಕ್ಕೆ ಅಡ್ಡಿ ಇಲ್ಲ ಅಂತಲೂ ತೀರ್ಪು ಹೇಳಿದೆ. ಹೆಸರು, ಮನೆಮಾತು, ಸಂಗೀತ, ನೃತ್ಯ ಮುಚ್ಚಿಡುವ ಆಟ ಬೇಡ. ಹತ್ತು ವರ್ಷ ವೀಣೆ ನುಡಿಸಿದವಳು ಅದನ್ನು ಬಿಟ್ಟು ಮೂರು ತಿಂಗಳ ಫೆನ್ಸಿಂಗ್ ಬಗ್ಗೆ ಬರೆದರೆ ನಷ್ಟ ಅವಳಿಗೇ.

ಕನ್ಸಲ್ಟೆಂಟ್ ಬೇಕಾ?

ಶಾಲೆಯ ಕೌನ್ಸೆಲರ್ ಒಬ್ಬರ ತಲೆಗೆ ನೂರಾರು ಮಕ್ಕಳಿದ್ದರೆ ಹೊರಗಿನ ಸಹಾಯ ಉಪಯೋಗಕ್ಕೆ ಬರಬಹುದು. ಆದರೆ "ಸೀಟು ಗ್ಯಾರಂಟಿ", "ಒಳಗೆ ಪರಿಚಯ ಇದೆ" ಅಂದವರ ಮನೆ ಬಾಗಿಲಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. 2019ರಲ್ಲಿ ಬಯಲಾದ ವಾರ್ಸಿಟಿ ಬ್ಲೂಸ್ ಹಗರಣದಲ್ಲಿ ನಡೆದಿದ್ದು ಅದೇ: ನಕಲಿ ಕ್ರೀಡಾ ದಾಖಲೆ, ತಿದ್ದಿದ ಪರೀಕ್ಷೆ ಉತ್ತರ, ಕೋಚ್‌ಗಳಿಗೆ ಲಂಚ. ಅದನ್ನು ನಡೆಸಿದ ರಿಕ್ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಪೋಷಕರೂ ಜೈಲಿಗೆ ಹೋದರು.

ಎಷ್ಟು ಕಾಲೇಜಿಗೆ ಅರ್ಜಿ ಹಾಕಬೇಕು?

ಕಾಮನ್ ಆ್ಯಪ್‌ನಲ್ಲಿ 20ರ ಮಿತಿ ಇದೆ. ಹತ್ತು ಹನ್ನೆರಡಕ್ಕಿಂತ ಜಾಸ್ತಿ ಆದರೆ ಸಣ್ಣ ಪ್ರಬಂಧಗಳ ಗುಣ ಇಳಿಯುತ್ತಾ ಹೋಗುತ್ತದೆ ಅನ್ನುವುದು ನನ್ನ ಮತ. ಅಷ್ಟರಲ್ಲಿ ಎರಡಾದರೂ ಖಂಡಿತ ಸಿಗುವಂಥವು, ಖರ್ಚು ನಿಭಾಯಿಸಲು ಆಗುವಂಥವು, ಹೋಗಲು ಮನಸ್ಸು ಒಪ್ಪುವಂಥವು ಇರಬೇಕು. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಪಟ್ಟಿಯನ್ನು ಕೆಳಗಿನಿಂದ ಕಟ್ಟಿ: ಮೊದಲು ಆ ಎರಡು, ಆಮೇಲೆ ನಡುವಿನವು, ಕೊನೆಗೆ ಹಾರ್ವರ್ಡ್. ಸೀಟು ಸಿಗುವ ಪ್ರಮಾಣ ಶೇ 10ಕ್ಕಿಂತ ಕಡಿಮೆ ಇರುವ ಕಾಲೇಜು ಯಾರಿಗೂ "ಖಂಡಿತ" ಅಲ್ಲ, ನಿಮ್ಮ ಸ್ಕೋರ್ ಏನೇ ಇರಲಿ.

ದೊಡ್ಡ ಹೆಸರಿನ ಕಾಲೇಜು ಸಿಗದಿದ್ದರೆ ಮುಂದೆ ಸಂಬಳ ಕಡಿಮೆಯಾಗುತ್ತಾ?

ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಸಂಶೋಧಕರು 2002ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಒಂದೇ ಥರದ ಯೋಗ್ಯತೆ ಇದ್ದು, ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿದವರಲ್ಲಿ, ಸೀಟು ಸಿಗುವುದು ಹೆಚ್ಚು ಕಷ್ಟವಿರುವ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದೆ ಸರಾಸರಿ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬದಿಂದ ಬಂದವರಿಗೆ ಮಾತ್ರ ಅಂಥ ಕಾಲೇಜಿನಿಂದ ಲಾಭ ಕಂಡಿತು. ಮಗುವಿನ ಕೈಗೆ ಈ ಉತ್ತರವನ್ನು ಕೊಡುವುದು ಪತ್ರ ಬರುವ ಮುಂಚೆಯೇ ಆದರೆ ಒಳ್ಳೆಯದು.

ವೇಟ್‌ಲಿಸ್ಟ್ ಆಗಿದೆ. ಏನು ಮಾಡಲಿ?

ಮೊದಲು ಸಿಕ್ಕಿರುವ ಒಂದು ಕಾಲೇಜಿಗೆ ಮೇ 1ರೊಳಗೆ ಹೂಂ ಅಂದು ಮುಂಗಡ ಕಟ್ಟಿ. ಆಮೇಲೆ ವೇಟ್‌ಲಿಸ್ಟ್‌ನಲ್ಲಿ ಉಳಿಯುತ್ತೇನೆ ಅಂತ ತಿಳಿಸಿ, ಒಂದೇ ಒಂದು ಚಿಕ್ಕ ಪತ್ರ ಬರೆಯಿರಿ. ಅರ್ಜಿ ಹಾಕಿದ ಮೇಲೆ ಹೊಸದೇನಾಯಿತು, ಕರೆದರೆ ಖಂಡಿತ ಬರುತ್ತೀರಾ, ಇಷ್ಟೇ. ಬೇಡಿಕೊಳ್ಳುವುದು, ಸಿಹಿ ಡಬ್ಬ ಕಳಿಸುವುದು, ಅಪ್ಪ ದಿನಾ ಫೋನ್ ಮಾಡುವುದು ಬೇಡ.

ಸೀಟು ಸಿಕ್ಕಿತು. ಇನ್ನು ಆರಾಮಾಗಿ ಇರಬಹುದಲ್ವಾ?

ಆರಾಮಾಗಿ ಇರಿ, ಕ್ಲಾಸ್ ಮಾತ್ರ ಬಿಡಬೇಡಿ. ಹನ್ನೆರಡನೇ ಕ್ಲಾಸಿನ ಅರ್ಧವಾರ್ಷಿಕ ಗ್ರೇಡುಗಳೂ ಕೊನೆಯ ಟ್ರಾನ್ಸ್‌ಕ್ರಿಪ್ಟೂ ಕಾಲೇಜಿಗೆ ಹೋಗುತ್ತವೆ. ಎ ಇದ್ದದ್ದು ಒಂದೆರಡು ಬಿ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡಿ, ಎಫ್ ಬಂದರೆ, ಅಥವಾ ತಗೋತೀನಿ ಅಂತ ಬರೆದ ಕಷ್ಟದ ಕೋರ್ಸನ್ನು ಹೇಳದೆ ಕೈಬಿಟ್ಟರೆ, ಕೊಟ್ಟ ಸೀಟನ್ನು ವಾಪಸ್ ತಗೊಂಡಿರುವ ಉದಾಹರಣೆಗಳಿವೆ. ಅಂಥದ್ದೇನಾದರೂ ಆಗುವ ಹಾಗಿದ್ದರೆ ಟ್ರಾನ್ಸ್‌ಕ್ರಿಪ್ಟ್ ಅಲ್ಲಿಗೆ ಮುಟ್ಟುವ ಮುಂಚೆ ವಿದ್ಯಾರ್ಥಿಯೇ ಪ್ರವೇಶ ಕಚೇರಿಗೆ ಇಮೇಲ್ ಬರೆಯಲಿ. ಏನಾಯಿತು, ಈಗ ಏನು ಮಾಡುತ್ತಿದ್ದೇನೆ ಅಂತ ಆರೇಳು ಸಾಲು ಸಾಕು. ಕೌನ್ಸೆಲರ್‌ಗೂ ಒಂದು ಮಾತು ತಿಳಿಸಿರಲಿ, ಕಾಲೇಜಿನವರು ಮೊದಲು ಫೋನ್ ಮಾಡುವುದು ಅವರಿಗೇ.